ನೂರಕ್ಕೆ ತೊಂಬತ್ತೆಂಟು

"ಬೆರಳು ಮಡಚದೆ ಹತ್ತರ ತನಕ ಎಣಿಸೋಕೆ ಬರಲ್ಲ, ಏಳನೇ ಕ್ಲಾಸಿನ ಕತ್ತೆ! ನೂರಕ್ಕೆ ಎಷ್ಟು ಅಂತ ಇವನು ಹೇಳ್ತಾನಂತೆ. ಕೋಲು ಹಿಡಿದವರೆಲ್ಲ ಮೇಷ್ಟ್ರಾಗ್ತಾರೇನೋ?"

ಕೋಲಣ್ಣನನ್ನು ಹೀಗೆ ಬೈದವನು ಹೊರಗಿನವನಲ್ಲ, ಅವನ ಅಕ್ಕನ ಗಂಡ. ವಿಟಮಿನ್ ಸಿ ತಯಾರಾಗುವ ಆ ಶೆಡ್ಡಿನ ಸೂಪರ್‌ವೈಸರ್. ಬೈದದ್ದು ಬೆಳಗ್ಗೆ ಪಾಳಿ ಬದಲಾಗುವ ಹೊತ್ತಿಗೆ, ಹದಿನಾಲ್ಕು ಜನ ಕೆಲಸಗಾರರ ಮುಂದೆ, ಹೊರಗಿನಿಂದ ಬಂದ ಪರೀಕ್ಷಕಿಯ ಮುಂದೆ. ಹದಿನಾಲ್ಕು ಜನವೂ ನಕ್ಕರು. ಸೂಪರ್‌ವೈಸರ್ ಜೋಕಿಗೆ ನಗುವುದೂ ಕೆಲಸದಲ್ಲೇ ಸೇರಿದೆಯಲ್ಲ. ಪರೀಕ್ಷಕಿ ಮಾತ್ರ ನಗದೆ, ಪೆನ್ನಿನ ಮುಚ್ಚಳ ಕಚ್ಚಿಕೊಂಡು ಕೋಲಣ್ಣನನ್ನೇ ನೋಡಿದಳು.

ಕೋಲಣ್ಣನೆಂದರೆ ವಿಟಮಿನ್ ತಯಾರಿಕೆಗೆ ಬೇಕಾದ ಅಸಿಟೋನ್ ದ್ರಾವಕದ ಟ್ಯಾಂಕಿಗೆ ದಿನಕ್ಕೆ ಮೂರು ಸಲ ಅಳತೆಗೋಲು ಇಳಿಸಿ, ಎಲ್ಲಿಯ ತನಕ ತೊಯ್ದಿದೆ ಎಂದು ನೋಡಿ ರಿಜಿಸ್ಟರಿಗೆ ಬರೆಯುವವನು. ಪರೀಕ್ಷಕಿ ಬಂದದ್ದು ಒಂದು ಕಿಲೋ ವಿಟಮಿನ್ನಿಗಾಗಿ ಎಷ್ಟು ನೀರು, ಎಷ್ಟು ಕರೆಂಟು, ಎಷ್ಟು ಅಸಿಟೋನ್ ಹಾಳಾಗುತ್ತದೆ ಎಂದು ಅಳೆಯಲು. ಭೂಮಿ ಎಷ್ಟು ಸವೆಯಿತು ಅಂತ ನೋಡ್ತಾರಂತೆ, ನಮ್ಮ ಮೂಗು ಸವೆದದ್ದನ್ನ ಯಾರು ನೋಡ್ತಾರೆ ಎಂದು ಕೆಲಸಗಾರರು ಆಡಿಕೊಳ್ಳುತ್ತಿದ್ದರು. ಅವಳು ಸರಿ ಎಂದರೆ ದೊಡ್ಡ ಗಿರಾಕಿ ಬರುತ್ತಾನೆ. ಇಲ್ಲವೆಂದರೆ ಶೆಡ್ಡಿಗೆ ಬೀಗ.

ಬಳಸಿದ ಅಸಿಟೋನನ್ನು ಕಾಯಿಸಿ, ಆವಿಯನ್ನು ತಣಿಸಿ ಮತ್ತೆ ಟ್ಯಾಂಕಿಗೆ ತುಂಬುತ್ತಾರೆ. ನೂರು ಲೀಟರಿಗೆ ತೊಂಬತ್ತೆಂಟು ವಾಪಸ್ ಬರುತ್ತದೆ ಎನ್ನುತ್ತಿತ್ತು ರಿಜಿಸ್ಟರು. ಅಷ್ಟೊಂದು ಹೇಗೆ ಎಂದು ಬೆಳಗ್ಗೆ ಅವಳು ಕೇಳಿದ್ದಳು. "ಅಷ್ಟೆಲ್ಲ ಎಲ್ಲಿ ಬರುತ್ತೆ ಮೇಡಂ..." ಎಂದು ಕೋಲಣ್ಣ ಬಾಯಿ ತೆರೆದಿದ್ದ. ಅಷ್ಟಕ್ಕೇ ಭಾವ ಎಗರಿ ಬಿದ್ದಿದ್ದ.

ವಿಷಯ ಇಷ್ಟೇ. ಆವಿ ತಣಿಸುವ ಕೊಳವೆ ತೂತಾಗಿ ಎರಡು ತಿಂಗಳಾಗಿತ್ತು. ಅದರ ತಣ್ಣೀರು ಅಸಿಟೋನಿಗೆ ಸೇರುತ್ತಿತ್ತು. ಸೇರಿದರೆ ಕಣ್ಣಿಗೆ ಕಾಣುವುದಿಲ್ಲ, ಬಣ್ಣವೂ ಬದಲಾಗುವುದಿಲ್ಲ. ತೊಯ್ದದ್ದಷ್ಟೇ ಕೋಲಿಗೆ ಗೊತ್ತು, ಯಾವುದರಿಂದ ಎಂಬುದು ಗೊತ್ತಿಲ್ಲ. ಕೋಲಣ್ಣನ ಕೈಗೆ ಗೊತ್ತಿತ್ತು. ಮುಂಗೈ ಮೇಲೆ ಒಂದು ಹನಿ ಬಿಟ್ಟುಕೊಂಡರೆ ಒಳ್ಳೆಯ ಅಸಿಟೋನ್ ತಣ್ಣಗೆ ಸೋಕಿ ಥಟ್ಟನೆ ಹಾರಿಹೋಗಬೇಕು; ಇದು ಬೇಡದ ನೆಂಟನ ಹಾಗೆ ಕೂತೇ ಇರುತ್ತಿತ್ತು. ಕಳೆದುಹೋದ ಅಸಿಟೋನ್ ಶೆಡ್ಡಿನ ಗಾಳಿಗೆ ಸೇರಿ, ಸಂಜೆಯ ಹೊತ್ತಿಗೆ ಎಲ್ಲರ ತಲೆ ಗಿರ್ರೆನ್ನುತ್ತಿತ್ತು. ಹೇಳಿದರೆ ಭಾವ, "ಮೊದಲು ಗಿರಾಕಿ ಬರಲಿ, ಆಮೇಲೆ ಕೊಳವೆ" ಎನ್ನುತ್ತಿದ್ದ. ಪರೀಕ್ಷೆಗೆ ಲ್ಯಾಬಿಗೆ ಹೋಗುವ ಸೀಸೆಯನ್ನು ತಾನೇ, ಟ್ಯಾಂಕಿನ ಬದಲು ಹೊಸ ಪೀಪಾಯಿಯಿಂದ ತುಂಬಿ ಕಳಿಸುತ್ತಿದ್ದ.

ಮಧ್ಯಾಹ್ನ ಕೋಲಣ್ಣ ಊಟಕ್ಕೆ ಮನೆಗೆ ಹೋದ. ಮನೆ ಎಂದರೆ ಅದೇ ಕಾಂಪೌಂಡಿನೊಳಗೆ ಭಾವನಿಗೆ ಕೊಟ್ಟ ಕ್ವಾರ್ಟರ್ಸು. ಕಿಟಕಿ ತೆರೆದರೆ ಟ್ಯಾಂಕು, ಮುಚ್ಚಿದರೆ ಟ್ಯಾಂಕಿನ ವಾಸನೆ. ಬೈದವನ ಸೂರಿನಡಿಯೇ ಉಣ್ಣಬೇಕು.

"ಸುದ್ದಿ ನಿನಗಿಂತ ಮುಂಚೆ ಬಂತು ಕಣೋ," ಎಂದಳು ಅಕ್ಕ, ಕಂಕುಳಲ್ಲಿ ಮಗು. "ಅವರ ಬಾಯಿ ಕೆಟ್ಟದ್ದು, ಹೊಟ್ಟೇಲಿ ಏನೂ ಇಲ್ಲ."

"ಹೊಟ್ಟೇಲಿ ಇಲ್ದಿದ್ದು ಬಾಯಿಗೆ ಎಲ್ಲಿಂದ ಬರುತ್ತಕ್ಕ? ತೊಂಬತ್ತೆಂಟು ನಿಜ ಅಂತ ಆ ಮೇಡಂ ಕಾಗದಕ್ಕೆ ಮೂರು ಗಂಟೆಗೆ ನನ್ನ ಸಹಿ ಬೇಕಂತೆ. ಅಳೆದವನೇ ಹಾಕ್ಬೇಕಂತೆ."

"ಹಾಕು."

"ಕೋಲು ಸುಳ್ಳು ಹೇಳ್ತಿದೆ ಅಕ್ಕ. ನಾಳೆ ಬಯಲಾದ್ರೆ ಸಹಿ ಹಾಕಿದವನ ಕತ್ತೇ ಹೋಗೋದು."

"ಕೋಲೇ ಸುಳ್ಳು ಹೇಳುವಾಗ ನಿನ್ನ ಬಾಯಿಗೇನು ಬಂತೋ ದೊಡ್ಡ ಸತ್ಯ?" ಬಡಿಸುತ್ತಿದ್ದ ಸೌಟು ಅಲ್ಲೇ ನಿಂತಿತು. "ಶೆಡ್ಡು ಮುಚ್ಚಿದ್ರೆ ಈ ಸೂರೂ ಹೋಗುತ್ತೆ. ಮಗೂನ ಎತ್ಕೊಂಡು ಎಲ್ಲಿ ನಿಲ್ಲಲಿ, ನಿನ್ನ ಕೋಲಿನ ತುದೀಲಾ?"

ಅತ್ತ ದರಿ, ಇತ್ತ ಪುಲಿ ಎನ್ನುತ್ತಾರಲ್ಲ. ಇವನ ದರಿಯ ತಳದಲ್ಲಿ ಅಕ್ಕನೇ ಮಗು ಎತ್ತಿಕೊಂಡು ನಿಂತಿದ್ದಳು. ತಟ್ಟೆಯಲ್ಲೇ ಕೈ ತೊಳೆದು ಎದ್ದ.

ಮೂರಕ್ಕೆ ಆಫೀಸು ಕೋಣೆಯಲ್ಲಿ ಕಾಗದ ಸಿದ್ಧವಾಗಿತ್ತು. ಬೆಳಗಿನ ಭಾವ ಅಲ್ಲಿರಲಿಲ್ಲ. ಅದೇ ಅಂಗಿ ತೊಟ್ಟ ಬೇರೆ ಯಾರೋ ಇದ್ದ.

"ಬಾಪ್ಪಾ, ಕೂತ್ಕೋ. ಮೇಡಂ, ನನ್ನ ಬಾಮೈದ ಇವನು. ಓದು ಕಮ್ಮಿ, ಆದ್ರೆ ಡಿಗ್ರಿ ಮಾಡಿದವರು ಇವನ ಕಾಲ ಕೆಳಗೆ ನುಸೀಬೇಕು. ಇವನ ಅಳತೆ ಒಂದು ದಿನಾನೂ ತಪ್ಪಿಲ್ಲ."

"ಬೆಳಗ್ಗೆ ಕತ್ತೆ ಅಂದ್ರಲ್ಲ?" ಎಂದಳು ಪರೀಕ್ಷಕಿ.

"ಅದು ಮನೆ ಮಾತು ಮೇಡಂ, ಸಲಿಗೆ!" ಭಾವ ಹಲ್ಲು ಕಿರಿದ. ಮೇಜಿನ ಕೆಳಗೆ ಅವನ ಬೂಟು ಕೋಲಣ್ಣನ ಪಾದವನ್ನು ಮೆಟ್ಟಿತು.

ಕೋಲಣ್ಣನ ಕಿವಿ ಕಾದವು. ಬಾಯಿ ತೆರೆದರೆ ಕತ್ತೆ, ಸಹಿ ಹಾಕಿದರೆ ಪಂಡಿತ! ಬೆಳಗಿನ ಬೈಗುಳವೇ ಇದಕ್ಕಿಂತ ವಾಸಿ ಎನಿಸಿತು. ಅದು ಇವನಿಂದ ಏನನ್ನೂ ಬೇಡಿರಲಿಲ್ಲ.

"ಒಂದೇ ಪ್ರಶ್ನೆ," ಎಂದು ಪರೀಕ್ಷಕಿ ಕಾಗದವನ್ನು ಅವನ ಕಡೆ ಸರಿಸಿದಳು. "ನೀವು ಅಳೆದಿದ್ದೀರಿ, ಒಪ್ಪಿದೆ. ಅಳೆದಿದ್ದೆಲ್ಲ ಅಸಿಟೋನೇನಾ?"

ಪೆನ್ನು ಕೈಗೆ ಬಂತು. ಹೌದು ಎಂದರೆ ಹೋಗುವುದು ತನ್ನ ಕತ್ತು. ಅಲ್ಲ ಎನ್ನಲು ಹೋದರೆ ಸೌಟು ಹಿಡಿದು ನಿಂತ ಅಕ್ಕ ಕಣ್ಣಿಗೆ ಕಟ್ಟಿದಳು. ಅವನು ಪೆನ್ನನ್ನು ಕಾಗದದ ಮೇಲಿಟ್ಟು ಎದ್ದ.

"ಸಹಿ ಜಾಗ ಖಾಲಿ ಇದ್ರೆ ನಾನು ಖಾಲಿ ಅಂತಲೇ ಬರೀಬೇಕಾಗುತ್ತೆ. ಖಾಲಿ ಅಂದ್ರೆ ಲೆಕ್ಕ ಸರಿಯಿಲ್ಲ ಅಂತ ಅರ್ಥ, ಗೊತ್ತಲ್ವಾ ನಿಮಗೆ?" ಎಂದಳು ಅವಳು, ಮೆತ್ತಗೆ.

"ಲೇ, ಎಲ್ಲಿಗೋ? ನಿನ್ನ ಅಕ್ಕನ ಮುಖ ನೋಡಾದ್ರೂ ಹೇಳಿ ಹೋಗೋ!" ಭಾವನ ದನಿ ಮೊದಲ ಸಲ ನಡುಗಿತು.

ಬಾಗಿಲಾಚೆ ದಾರಿ ಇದ್ದದ್ದು ಎರಡೇ: ಬಲಕ್ಕೆ ಶೆಡ್ಡು, ಎಡಕ್ಕೆ ಕ್ವಾರ್ಟರ್ಸು. ಗೇಟು ಆರರ ತನಕ ತೆರೆಯುವುದಿಲ್ಲ. ಕೋಲಣ್ಣ ಸಹಿಯ ಜಾಗ ಖಾಲಿ ಬಿಟ್ಟು, ಕ್ವಾರ್ಟರ್ಸಿಗೆ ಬೆನ್ನು ಹಾಕಿ, ಬಲಕ್ಕೆ ತಿರುಗಿ ನಡೆದ.