ಅರ್ಧ ಬಟ್ಟಲು

ನನ್ನ ಕೆಲಸ ಪ್ರಶ್ನೆ ಕೇಳುವುದು. ನಿದ್ದೆ ಬರುತ್ತಿದೆಯೇ, ಊಟ ಸೇರುತ್ತಿದೆಯೇ, ಸುಮ್ಮಸುಮ್ಮನೆ ಅಳು ಬರುತ್ತದೆಯೇ, ಬದುಕೇ ಬೇಡ ಅನ್ನಿಸುತ್ತದೆಯೇ. ಒಟ್ಟು ಹದಿನೇಳು. ರಿದ್ದೆರ್ ಎಂಬ ನಮ್ಮ ಗಣಿಯೂರಿನ ಇಪ್ಪತ್ತು ಮನೆಗಳಲ್ಲಿ ವಾರಕ್ಕೊಮ್ಮೆ ಕೇಳಿ, ಉತ್ತರಕ್ಕೆ ಅಂಕ ಹಾಕಿ, ಡಾಕ್ಟರ್ ತೊಲೆಗೆನ್ ಅವರ ಮೇಜಿನ ಮೇಲಿಡಬೇಕು. ಅಂಕ ಹೆಚ್ಚಿದಷ್ಟೂ ಕಷ್ಟ ಹೆಚ್ಚು. ಈ ಹದಿನೇಳರಲ್ಲಿ ಒಂದನ್ನಾದರೂ ನನ್ನನ್ನು ಯಾರೂ ಕೇಳಿದವರಿಲ್ಲ. ಗಂಡ ಬಿಟ್ಟುಹೋದ ಮೇಲೆ ವಸತಿಗೃಹದ ಕೋಣೆಯಲ್ಲಿ ನಾನೊಬ್ಬಳೇ. ಅಲ್ಲಿ ಮಾತಾಡುವುದು ರೇಡಿಯೋ ಮಾತ್ರ.

ಪ್ರಯೋಗ ಇಷ್ಟೇ. ಮನಸ್ಸು ಕುಗ್ಗಿದವರಿಗೆ ದಿನಾ ಎರಡು ಹೊತ್ತು ಒಂದು ಮಾತ್ರೆ, ಒಂದು ಬಟ್ಟಲು ಸೊಪ್ಪಿನ ಚಹಾ. ಕೆಲವರ ಮಾತ್ರೆಯಲ್ಲಿ ಡಾಕ್ಟರು ಬರೆದುಕೊಡುವ ಮದ್ದಿದೆ, ಅವರ ಚಹಾ ಬರೀ ಹುಲ್ಲು. ಇನ್ನು ಕೆಲವರ ಚಹಾ ನಮ್ಮ ಬೆಟ್ಟದ ಹಳದಿ ಹೂವಿನ ಶಾಯ್‌ಕುರಾಯ್, ಮಾತ್ರೆ ಬರೀ ಹಿಟ್ಟು. ಯಾರಿಗೆ ಯಾವುದೆಂದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಗುರುವಾರ ನುರ್ಜಮಾಲ್ ಆಪಾ ಅವರ ಮನೆ; ಹಿರಿಯ ಹೆಂಗಸರನ್ನು ನಮ್ಮಲ್ಲಿ ಆಪಾ ಎಂದೇ ಕರೆಯುವುದು. ಗಣಿಯಲ್ಲಿ ಇಪ್ಪತ್ತೆಂಟು ವರ್ಷ ಲಿಫ್ಟ್ ನಡೆಸಿದ ಹೆಂಗಸು. ಜೊತೆಗಿದ್ದ ಅಕ್ಕ ತೀರಿಕೊಂಡ ಮೇಲೆ ಹಾಸಿಗೆ ಹಿಡಿದಿದ್ದರು. ಮೊದಲ ವಾರ ಬಾಗಿಲು ತೆಗೆಯುವುದಕ್ಕೇ ಕಾಲು ಗಂಟೆ ಹಿಡಿಯಿತು. ಅಂಕ ಇಪ್ಪತ್ತನಾಲ್ಕು. ಏಳನೇ ವಾರಕ್ಕೆ ಹನ್ನೊಂದು. ಅಷ್ಟು ಹೊತ್ತಿಗೆ ನಾನು ಮೆಟ್ಟಿಲು ಹತ್ತುವ ಮೊದಲೇ ಬಾಗಿಲು ತೆರೆದಿರುತ್ತಿತ್ತು, ಎಣ್ಣೆಯಲ್ಲಿ ಕರಿದ ಹಿಟ್ಟಿನುಂಡೆ ಬವುರ್ಸಾಕಿನ ವಾಸನೆ ಕೆಳಗಿನವರೆಗೂ ಬರುತ್ತಿತ್ತು. ನನ್ನ ಹೆಸರು ಕಲಮ್‌ಕಾಸ್ ಎಂದು ಎಷ್ಟು ಸಲ ಹೇಳಿದರೂ ಅವರಿಗೆ ನಾನು ‘ಅಂಕದ ಹುಡುಗಿ’ಯೇ, ಈ ನಲವತ್ತರ ವಯಸ್ಸಿನಲ್ಲಿ! ಆದರೂ ಉಳಿದ ಆರು ದಿನಗಳನ್ನು ಗುರುವಾರಕ್ಕಾಗಿಯೇ ತಳ್ಳುತ್ತಿದ್ದೆ.

ಏಳನೇ ಗುರುವಾರ ನಾನು ಬೇಗ ಹೋಗಿದ್ದೆ. ಆಪಾ ಪ್ರಯೋಗದ ಚಹಾ ಕುದಿಸಿ ಆರಿಸಿ, ಬಟ್ಟಲಿಗೆ ಎರಡು ಗುಟುಕು ಸುರಿದುಕೊಂಡು ಕುಡಿದರು. ಉಳಿದದ್ದನ್ನು ಕಿಟಕಿಯ ಜಿರೇನಿಯಂ ಕುಂಡಕ್ಕೆ ಹೊಯ್ದರು.

“ಆಪಾ, ಏನ್ ಮಾಡ್ತಿದ್ದೀರಾ?”

“ಆರಿದೆ ಬಿಡೆ, ಬೇರು ಸುಡಲ್ಲ.”

“ಅದು ನಿಮಗೆ ಕೊಟ್ಟಿದ್ದು! ಪೂರ್ತಿ ಕುಡೀಬೇಕು.”

“ಒಂದು ಬಟ್ಟಲು ಅಂತ ತಾನೇ ಬರ್ದಿರೋದು? ಒಂದು ಬಟ್ಟಲು ಕುಡ್ದೆ. ಇನ್ನೊಂದ್ಸಲ ಸುರ್ಕೊಂಡ್ರೆ ಎರಡಾಗಲ್ವಾ?”

“ಬಟ್ಟಲು ತುಂಬ ಸುರ್ಕೋಬೇಕು, ಆಪಾ.”

“ತುಂಬ?” ಅವರಿಗೆ ಸಿಟ್ಟೇ ಬಂತು. “ತುಂಬಿಸಿ ಕೊಡೋದು ಯಾರಿಗೆ? ಕೂತಿದ್ದು ಸಾಕು, ಎದ್ದು ಹೋಗು ಅನ್ಬೇಕಾದೋರಿಗೆ. ಇನ್ನೂ ಕೂತ್ಕೊಳ್ಲಿ ಅನ್ನಿಸಿದೋರಿಗೆ ಎರಡೆರಡೇ ಗುಟುಕು, ಮತ್ತೆ ಮತ್ತೆ. ನನ್ನ ಮನೇಲಿ ನನಗೆ ನಾನೇ ಹೋಗು ಅನ್ಲಾ? ನೀನು ಒಬ್ಳೇ ಇದ್ದಾಗ ಎಷ್ಟು ಸುರ್ಕೋತೀಯಾ?”

“ದೊಡ್ಡ ಲೋಟದ ತುಂಬ. ಮತ್ತೆ ಮತ್ತೆ ಏಳೋದು ತಪ್ಪುತ್ತೆ.”

“ಅಯ್ಯೋ ಕಂದಾ,” ಎಂದರು ಆಪಾ.

‘ಪೂರ್ತಿ ಕುಡಿದಿದ್ದಾರೆ’ ಎಂಬ ಕಾಲಂನಲ್ಲಿ ಆರು ವಾರ ‘ಹೌದು’ ಎಂದು ಬರೆದವಳು ನಾನೇ. ಈಗ ‘ಇಲ್ಲ’ ಎಂದರೆ ಅವರ ಹೆಸರು ಹೊಡೆದುಹಾಕುತ್ತಾರೆ, ನನ್ನ ಗುರುವಾರವೂ ಹೋಗುತ್ತದೆ. ‘ಹೌದು’ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ಜಿರೇನಿಯಂ ಬಾಯಿಬಿಡುವುದಿಲ್ಲ. ಆದರೆ ಈ ಹಾಳೆಯನ್ನು ನಂಬಿ ನಾಳೆ ಇನ್ನಾರಿಗೋ ಮದ್ದಿನ ಅಳತೆ ಹೇಳುತ್ತಾರೆ. ಬಾಗಿಲು ತೆಗೆಯುವುದಕ್ಕೆ ಕಾಲು ಗಂಟೆ ಹಿಡಿಯುವ ಇನ್ನೊಬ್ಬಳಿಗೆ. ಹಿಂತಿರುಗುವಾಗ ನಿಲ್ದಾಣದಲ್ಲಿ ಕುಳಿತು ಎರಡು ಬಸ್ಸು ಬಿಟ್ಟೆ. ಮೂರನೆಯದು ಬರುವ ಮೊದಲು ‘ಇಲ್ಲ’ ಎಂದು ಬರೆದೆ. ನನ್ನ ಮೇಲೇ ನನಗೆ ಕೆಟ್ಟ ಕೋಪ ಬಂದಿತ್ತು.

ಹಾಳೆ ನೋಡಿ, ನಡೆದದ್ದು ಕೇಳಿ ಡಾಕ್ಟರ್ ತೊಲೆಗೆನ್ ಹಣೆ ಚಚ್ಚಿಕೊಂಡರು. “ಒಂದು ಬಟ್ಟಲು ಅಂತ ಬರೆದ ಕತ್ತೆ ನಾನೇ! ನಮ್ಮಮ್ಮ ಕೂಡ ಎರಡೇ ಗುಟುಕು ಸುರಿಯೋದು. ಹೊಳೀಲೇ ಇಲ್ಲ ನೋಡು.” ಎಲ್ಲ ಮನೆಗಳಿಗೂ ಅಳತೆ ಲೋಟ ಹೋಯಿತು. ಹಾಳೆಯಲ್ಲಿ ‘ಇಲ್ಲ’ ಇದ್ದದ್ದರಿಂದ ನುರ್ಜಮಾಲ್ ಆಪಾ ಹೆಸರಿನ ಮೇಲೆ ಗೆರೆ ಬಿತ್ತು. “ಇನ್ಮೇಲೆ ಅವರನ್ನ ಆಸ್ಪತ್ರೆಯವ್ರು ನೋಡ್ಕೋತಾರೆ. ನೀನು ಹೋಗಿ ಉಳಿದ ಮಾತ್ರೆ, ಚಹಾ ಪೊಟ್ಟಣ ತಗೊಂಡ್ಬಾ, ಸಾಕು.”

ಎಂಟನೇ ಗುರುವಾರ ಹೋಗಿ ವಿಷಯ ಹೇಳಿದೆ.

“ಅವ್ರಿಗೆ ಯಾರೇ ಹೇಳಿದ್ದು?”

“ನಾನೇ, ಆಪಾ.”

ಅವರು ಪೊಟ್ಟಣಗಳನ್ನು ತಂದು ನನ್ನ ಮುಂದಿಟ್ಟರು. ಆಮೇಲೆ ದಿನದ ಹಾಲಿನ ಚಹಾ ತಂದು ನನ್ನ ಬಟ್ಟಲಿಗೆ ಸುರಿಯತೊಡಗಿದರು. ಎರಡು ಗುಟುಕಿಗೆ ನಿಲ್ಲಿಸಲಿಲ್ಲ. ಅರ್ಧವಾಯಿತು, ಮುಕ್ಕಾಲಾಯಿತು. ಅಂಚಿನವರೆಗೂ ತುಂಬಿಸಿ ನನ್ನ ಕಡೆ ತಳ್ಳಿದರು.

ಅಂಥ ಬಟ್ಟಲಿಗೆ ಎದುರು ಮಾತಿಲ್ಲ. ನಾಲಿಗೆ ಸುಟ್ಟರೂ ಬಿಡದೆ ಕುಡಿದು ಮುಗಿಸಿದೆ. ಚೀಲ ಹೆಗಲಿಗೇರಿಸಿ, ಬಾಗಿಲ ಬಳಿ ಬೂಟು ಹಾಕಿಕೊಳ್ಳಲು ಬಗ್ಗಿದೆ.

“ಎಲ್ಲಿಗೆ ಹೊರಟೆ?”

“ತುಂಬಿಸಿ ಕೊಟ್ರಲ್ಲ, ಆಪಾ.”

“ಅದು ಅಂಕ ಬರ್ಕೊಳ್ಳೋಕೆ ಬರ್ತಿದ್ದ ಹುಡುಗೀಗೆ. ಅವ್ಳು ಹೋದ್ಳು, ಪೀಡೆ ಕಳೀತು.” ಅದೇ ಬಟ್ಟಲಿನ ತಳಕ್ಕೆ ಎರಡು ಗುಟುಕು ಸುರಿದರು. “ಕಲಮ್‌ಕಾಸ್, ನೀನು ಬಾ, ಕೂತ್ಕೋ. ಹೇಳು, ನಿದ್ದೆ ಬರುತ್ತಾ?”

ಹಾಕಿಕೊಂಡಿದ್ದ ಒಂದು ಬೂಟನ್ನು ಬಿಚ್ಚಿದೆ.

“ಇಲ್ಲ, ಆಪಾ,” ಎಂದೆ.