ನಡುಗಡ್ಡೆಗೆ ಬಂದ ರೇಡಿಯೋ

ನಾನು ಒಂದು ಟ್ರಾನ್ಸಿಸ್ಟರ್ ರೇಡಿಯೋ. ಹುಟ್ಟಿದ್ದು ಒಂದು ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ. ನೀಲಿ ಕೋಟು ತೊಟ್ಟ ಹೆಣ್ಣುಮಕ್ಕಳು ಸಾಲಾಗಿ ಕೂತಿದ್ದರು. ಒಬ್ಬಳು ತಂತಿ ಬೆಸೆದಳು, ಇನ್ನೊಬ್ಬಳು ಮುಳ್ಳು ಕೂಡಿಸಿದಳು, ಕೊನೆಯವಳು ಬೆನ್ನಿಗೆ ಸೆಲ್ಲು ತುಂಬಿ ಕಿವಿ ಹಿಂಡಿದಳು. ಆಗ ನನ್ನ ಬಾಯಿಂದ ಮೊದಲ ಮಾತು ಹೊರಟಿತು. ದೆಹಲಿಯ ಯಾರೋ ದೊಡ್ಡವರು ಗೋಧಿಗೆ ತಗಲುವ ರೋಗದ ಬಗ್ಗೆ ಭಾಷಣ ಮಾಡುತ್ತಿದ್ದರು. ನಾನು ಗೋಧಿಯ ತೆನೆಯನ್ನು ಕಣ್ಣಾರೆ ಕಂಡವನಲ್ಲ. ಆದರೂ ನನ್ನ ದನಿ ಎಲ್ಲ ಬಲ್ಲವನ ದನಿಯ ಹಾಗೆ ಗಂಭೀರವಾಗಿತ್ತು. ಮಾತು ಮುಗಿಯುವವರೆಗೂ ನನಗೆ ಒಳಗೊಳಗೇ ಪುಕಪುಕ.

ನನ್ನನ್ನು ಮೊದಲು ಕೊಂಡವರು ಒಬ್ಬ ಶಾಲಾ ಮಾಸ್ತರು. ಅವರಿಗೆ ಕೃಷ್ಣಾ ಹೊಳೆಯ ನಡುಗಡ್ಡೆಯೊಂದಕ್ಕೆ ವರ್ಗವಾಯಿತು. ಸುತ್ತಲೂ ನೀರು, ನಡುವೆ ನಾಲ್ಕಾರು ಬಂಡೆ, ಒಂದಿಷ್ಟು ಹೊಲ, ಮೂವತ್ತು ಮನೆ. ದಡಕ್ಕೆ ಹೋಗಬೇಕೆಂದರೆ ಹರಿಗೋಲೇ ಗತಿ. ಮಾಸ್ತರು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕೈಕಾಲು ಹಿಡಿದು ವರ್ಗ ಮಾಡಿಸಿಕೊಂಡರು. ಹೋಗುವಾಗ ತಮ್ಮನ್ನು ದಡ ಮುಟ್ಟಿಸಿದ ಅಂಬಿಗರ ಮುದುಕಪ್ಪನ ಕೈಗೆ ನನ್ನನ್ನು ಕೊಟ್ಟು, "ಹೊಳಿ ಸುದ್ದಿ ಹೇಳ್ತದ, ಇಟ್ಕೋ" ಅಂದರು.

ಹೆಸರಿಗೆ ಮುದುಕಪ್ಪನಾದರೂ ಆಗ ಅವನು ಗಟ್ಟಿ ಆಳು. ಮನೆಯಲ್ಲಿ ಹೆಂಡತಿ ದ್ಯಾಮವ್ವ, ಒಬ್ಬಳೇ ಮಗಳು ಹುಲಿಗೆವ್ವ. ನನ್ನನ್ನು ನಡುಮನೆಯ ಗೂಟಕ್ಕೆ ನೇತುಹಾಕಿ, ಧೂಳು ಬೀಳದಂತೆ ಒಂದು ಟವೆಲ್ಲು ಹೊದಿಸಿದರು. ಮೊದಲ ಮಳೆಗಾಲದಲ್ಲೇ ನನ್ನ ಹೆಸರು ಮೇಲೆ ಬಂತು. ಮೇಲಿನ ಡ್ಯಾಮಿನಿಂದ ಸಂಜೆ ನೀರು ಬಿಡುತ್ತಾರೆಂದು ನಾನು ಮಧ್ಯಾಹ್ನವೇ ಹೇಳಿದೆ. ಮುದುಕಪ್ಪ ಹರಿಗೋಲನ್ನು ಮೇಲಕ್ಕೆ ಎಳೆದು ಕಟ್ಟಿದ. ಪಕ್ಕದ ಗಡ್ಡೆಯವರು ನಂಬದೆ ಹೊಳೆಗಿಳಿದು, ಎರಡು ಎತ್ತು ಕಳೆದುಕೊಂಡು, ಜೀವ ಉಳಿಸಿಕೊಂಡು ಬಂದರು. ಅಂದಿನಿಂದ ಮುದುಕಪ್ಪ ನನ್ನ ಮಾತು ಕೇಳದೆ ಹೊಳೆಗೆ ಕಾಲಿಡಲಿಲ್ಲ. ಮೊದಲೆಲ್ಲ ಅವನು ಬೆಳಿಗ್ಗೆ ಎದ್ದು ನೀರಂಚಿನ ಬಂಡೆಯ ಮೇಲೆ ಕೂತು ಹೊಳೆಯನ್ನು ನೋಡುತ್ತಿದ್ದನಂತೆ. ಈಗ ಎದ್ದವನೇ ನನ್ನ ಮುಂದೆ ಕೂರುತ್ತಿದ್ದ. ಊರವರು ಬಂದು ಕೇಳಿದರೆ, "ತಡೀರೋ, ರೇಡಿಯೋ ಇನ್ನಾ ಏನೂ ಹೇಳಿಲ್ಲ" ಅನ್ನುತ್ತಿದ್ದ. ನನಗೆ ಇದು ಹಿಡಿಸುತ್ತಿರಲಿಲ್ಲ. ಹೊಳೆ ಇವತ್ತು ಹೇಗಿದೆಯೆಂದು ನಾನೇ ನೋಡಿರುತ್ತಿರಲಿಲ್ಲ. ಗೂಟದಿಂದ ನನಗೆ ಕಾಣುತ್ತಿದ್ದುದು ಒಲೆ ಮತ್ತು ಬಾಗಿಲು ಮಾತ್ರ.

ಹುಲಿಗೆವ್ವನನ್ನು ದಡದಾಚೆಯ ಊರಿಗೆ ಕೊಟ್ಟಿದ್ದರು. ಅವಳಿಗೆ ದಿನ ತುಂಬುವ ಹೊತ್ತಿಗೆ ಸರಿಯಾಗಿ ಶ್ರಾವಣ ಬಂತು. "ಮಳಿಗಾಲ ಐತಿ ಮಾವ, ಇಲ್ಲೇ ಇರಲಿ, ದವಾಖಾನಿ ಹತ್ರ ಐತಿ" ಎಂದು ಅಳಿಯ ಹೇಳಿ ನೋಡಿದ. ಮುದುಕಪ್ಪ ಕೇಳಲಿಲ್ಲ. ಚೊಚ್ಚಲ ಹೆರಿಗೆ ತವರಲ್ಲಿ ಆಗದಿದ್ದರೆ ನಾಲ್ಕು ಜನ ಏನಂದಾರು! ತಾನೇ ಹರಿಗೋಲಿಗೆ ಹುಟ್ಟು ಹಾಕಿ ಮಗಳನ್ನು ಗಡ್ಡೆಗೆ ಕರೆತಂದ.

ಆ ದಿನ ಬೆಳಗಿನ ಜಾವ ನನ್ನ ಕಿವಿ ತಿರುವಿದಾಗಲೇ ಹುಲಿಗೆವ್ವನಿಗೆ ಹೆರಿಗೆಯ ಬ್ಯಾನೆ ಶುರುವಾಗಿತ್ತು. ಸೂಲಗಿತ್ತಿ ಅಮರವ್ವ ಹೊಟ್ಟೆ ಮುಟ್ಟಿ ನೋಡಿ ಮುಖ ಸಣ್ಣದು ಮಾಡಿದಳು.

"ಕೂಸು ಅಡ್ಡ ಐತಿ. ಇದು ನನ್ನ ಕೈಲಿ ಆಗೂದಲ್ಲ ತಮ್ಮಾ. ದಡಕ್ಕ ಒಯ್ಯಿ."

ಅಷ್ಟರಲ್ಲಿ ನಾನು ಬೆಳಗಿನ ಸುದ್ದಿ ಓದಿದೆ. ಡ್ಯಾಮು ತುಂಬಿದೆ, ಇಂದು ನೀರು ಬಿಡುವ ಸಂಭವವಿದೆ, ಹೊಳೆಯ ದಂಡೆಯವರು ಎಚ್ಚರದಿಂದಿರಬೇಕು. ಯಾವ ಹೊತ್ತಿಗೆ ಎಂದು ಮಾತ್ರ ಹೇಳಲಿಲ್ಲ. ಹುಟ್ಟು ಕೈಗೆತ್ತಿಕೊಂಡಿದ್ದ ಮುದುಕಪ್ಪ ಅಲ್ಲೇ ನಿಂತ. ನಡುಹೊಳೆಯಲ್ಲಿರುವಾಗ ನೀರು ಬಂದರೆ ಹರಿಗೋಲು ಬುಗುರಿಯಂತೆ ತಿರುಗಿ ಬಂಡೆಗೆ ಬಡಿಯುತ್ತದೆ. ಅದು ಅವನಿಗೆ ಗೊತ್ತಿತ್ತು.

"ಯಾ ಹೊತ್ತಿಗಿ ಬಿಡ್ತಾರಂತ ಹೇಳಲಿ. ಆಮ್ಯಾಲ ಹೊಂಡಾನು" ಅಂದ.

ಹಾಗೆ ನನ್ನ ಆ ದಿನ ಶುರುವಾಯಿತು. ಬೆಳಗಿನ 'ಚಿಂತನ' ಕಾರ್ಯಕ್ರಮದ ನೀತಿಮಾತು ಹೇಳಿದೆ. ಸಂಸ್ಕೃತದಲ್ಲಿ ವಾರ್ತೆ ಓದಿದೆ. ಮುದುಕಪ್ಪ ಅದನ್ನೂ ಕಿವಿಗೊಟ್ಟು ಕೇಳಿದ, ಎಲ್ಲಾದರೂ ಹೊಳೆಯ ಹೆಸರು ಬಂದೀತೆಂದು. ಆಮೇಲೆ ದೆಹಲಿಯಿಂದ ದೇಶದ ಉಕ್ಕಿನ ಉತ್ಪಾದನೆ ಕುರಿತು ಒಂದು ಭಾಷಣ. ಒಳಗಿನ ಕೋಣೆಯಿಂದ ಹುಲಿಗೆವ್ವನ ನರಳಾಟ ಕೇಳುತ್ತಿತ್ತು, ಅದರ ಮೇಲೆ ನನ್ನ ಉಕ್ಕಿನ ಮಾತು. ನಾಚಿಕೆಯಿಂದ ಸತ್ತೇ ಹೋಗಬೇಕೆನಿಸಿತು.

ಮಹಿಳೆಯರ ಕಾರ್ಯಕ್ರಮ ಬಂತು. ಒಬ್ಬ ಡಾಕ್ಟರಮ್ಮ ತಣ್ಣಗೆ ಹೇಳತೊಡಗಿದರು: ಬಸುರಿಯರು ಸೊಪ್ಪು, ಬೇಳೆ ತಿನ್ನಬೇಕು, ಹೆರಿಗೆ ಕಷ್ಟವೆನಿಸಿದರೆ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ದ್ಯಾಮವ್ವ ಬಾಗಿಲಿಗೆ ಬಂದು ನಿಂತಳು.

"ಅದss ಹೇಳಾಕತ್ತೈತಲ್ಲ, ತಡಾ ಮಾಡಬ್ಯಾಡ ಅಂತ. ಇನ್ನಾ ಏನ್ ಕೇಳ್ಕೋಂತ ಕುಂತಿ?"

"ಅದು ಹೊಳಿ ಸುದ್ದಿ ಅಲ್ಲಲೇ. ಮಧ್ಯಾನದ ಸುದ್ಯಾಗ ಹೇಳ್ತಾರ, ತಡಿ."

ಮಗಳನ್ನು ಹೊಳೆಗೆ ಕೊಡಲು ಅವನಿಗೆ ಧೈರ್ಯವಿರಲಿಲ್ಲ, ಮನೆಯಲ್ಲಿ ಕಳೆದುಕೊಳ್ಳಲೂ ಇರಲಿಲ್ಲ. ನಡುವೆ ನಾನೊಬ್ಬ ಸಿಕ್ಕಿದ್ದೆ. ನನ್ನ ಬಾಯಿಂದ ಏನಾದರೂ ಬರಲಿ ಎಂದು ಅವನಿಗಿಂತ ಹೆಚ್ಚಾಗಿ ನಾನೇ ಹರಕೆ ಹೊತ್ತೆ. ಮಧ್ಯಾಹ್ನದ ಸುದ್ದಿಯಲ್ಲಿ ಮಂತ್ರಿಗಳ ಪ್ರವಾಸ, ಒಂದು ರೈಲು ಅಪಘಾತ, ಹತ್ತಿಯ ಧಾರಣೆ ಬಂತು. ನೀರಿನ ಬಗ್ಗೆ, ಬೆಳಿಗ್ಗೆ ಓದಿದ ಸಾಲನ್ನೇ ಮತ್ತೆ ಓದಿದರು. ಅದರ ಬೆನ್ನಿಗೇ ಒಂದು ಹಾಸ್ಯ ನಾಟಕ. ಗಂಡ ಹೆಂಡತಿಯ ಜಗಳ, ಜನರ ನಗು. ಆ ನಗು ನನ್ನೊಳಗಿಂದ ಹೊರಟು ಆ ಮನೆಯ ಗೋಡೆಗೆಲ್ಲ ಬಡಿಯುತ್ತಿತ್ತು.

ಒಳಗಿಂದ ಹುಲಿಗೆವ್ವ ಕಿರುಚಿದಳು: "ಯವ್ವಾ, ಮೊದಲ ಅದನ್ನ ಬಂದ್ ಮಾಡವ್ವಾ!"

ದ್ಯಾಮವ್ವ ದಡದಡ ಬಂದವಳೇ ನನ್ನ ಕಿವಿ ಹಿಂಡಿದಳು. ಟಕ್ ಎಂದು ನನ್ನ ಬಾಯಿ ಮುಚ್ಚಿತು.

ಬೆಳಗಿನಿಂದ ಮೊದಲ ಸಲ ಆ ಮನೆ ಸುಮ್ಮನಾಯಿತು. ಆಗ ಕೇಳಿಸಿತು ನೋಡಿ. ದೂರದಿಂದ, ನೆಲದೊಳಗಿಂದ ಬರುವಂತಹ ಒಂದು ಮೊರೆತ. ಮುದುಕಪ್ಪ ತಲೆಯೆತ್ತಿದ.

"ಬಿಟ್ಟಾರ" ಅಂದ. "ಯಾವಾಗೋ ಬಿಟ್ಟಾರ. ನಾ ಕೇಳಿಸ್ಕೊಳ್ಳಲೇ ಇಲ್ಲ."

ಇಷ್ಟು ಹೊತ್ತು ಅವನ ಕಿವಿ ತುಂಬಿಕೊಂಡು ಕೂತಿದ್ದವನು ನಾನು. ಇನ್ನು ತಡೆದರೆ ದಾಟಲು ಆಗುವುದೇ ಇಲ್ಲ ಎಂದು ಗೊತ್ತಾಗಿ, ಗಂಡ ಹೆಂಡತಿ ಮಗಳನ್ನು ಕಂಬಳಿಯಲ್ಲಿ ಎತ್ತಿಕೊಂಡು ಓಡಿದರು. ಬಾಗಿಲು ಹಾಕುವುದನ್ನೂ ಮರೆತರು. ನಾನು ಗೂಟದಲ್ಲೇ ಉಳಿದೆ. ಕತ್ತಲಾಯಿತು. ಮೊರೆತ ಹತ್ತಿರ ಹತ್ತಿರ ಬಂತು. ಹರಿಗೋಲು ದಡ ಮುಟ್ಟಿತೋ ಮುಳುಗಿತೋ, ಯಾರೂ ಬಂದು ಹೇಳಲಿಲ್ಲ. ಲೋಕದ ಸುದ್ದಿಯೆಲ್ಲ ಹೇಳುವ ನನಗೆ ನನ್ನ ಮನೆಯ ಸುದ್ದಿ ತಿಳಿಯುವ ದಾರಿಯಿರಲಿಲ್ಲ. ಅಂತಹ ಹೆದರಿಕೆ ಯಾರಿಗೂ ಬೇಡ.

ನೀರು ಇಳಿದ ಮೇಲೆ ಮುದುಕಪ್ಪ ಒಬ್ಬನೇ ಬಂದ. ಊರವರು ಅಂಗಳದಲ್ಲಿ ಸೇರಿದರು. ಅವನು ಹೊಸ್ತಿಲ ಮೇಲೆ ಕುಸಿದು ಕೂತು ಹೇಳಿದ: "ಹುಲಿಗೆವ್ವ ಉಳಿದ್ಲು. ಕೂಸು ಉಳೀಲಿಲ್ಲ. ಗಂಡುಕೂಸು. ಮುಂಜಾನೆನ ಬಂದಿದ್ರ ಉಳೀತಿತ್ತು ಅಂದ್ರು ಡಾಕ್ಟರು."

ಮತ್ತೆ ನೀರು ಬರುತ್ತದೇನೋ ಎಂಬ ಭಯಕ್ಕೆ ಪಕ್ಕದ ಮನೆಯ ಸೋಮಣ್ಣ ಒಳಗೆ ಬಂದು ನನ್ನ ಕಿವಿ ತಿರುವಿದ. ಬೇಡ ಬೇಡ ಎಂದು ನಾನೆಷ್ಟು ಬೇಡಿಕೊಂಡರೂ ದನಿ ಹೊರಟೇಬಿಟ್ಟಿತು, ಅದೇ ಗಂಭೀರ ದನಿ: "ಕೃಷ್ಣಾ ನದಿಯ ಪ್ರವಾಹ ಇಳಿಮುಖವಾಗಿದೆ. ಯಾವುದೇ ಪ್ರಾಣಹಾನಿ ಆದ ವರದಿ ಇಲ್ಲ."

ಮುದುಕಪ್ಪ ಎದ್ದು ನನ್ನ ಮುಂದೆ ಬಂದು ನಿಂತ. ಹೊಡೆದು ಚೂರು ಮಾಡುತ್ತಾನೆ ಅಂದುಕೊಂಡೆ. ಅವನು ಸಣ್ಣ ಮಗುವಿನ ಹಾಗೆ ಕೇಳಿದ.

"ಮತ್ತ ನಮ್ಮ ಕೂಸು?"

ನಾನು ಹತ್ತಿಯ ಧಾರಣೆ ಹೇಳತೊಡಗಿದೆ.

ಆಮೇಲೆ ಬಹಳ ವರ್ಷ ಕಳೆದವು. ಮುದುಕಪ್ಪ ಮತ್ತೆ ನೀರಂಚಿನ ಬಂಡೆಯ ಮೇಲೆ ಕೂರತೊಡಗಿದ, ಕೊನೆಯವರೆಗೂ ಕೂತ. ಅವನೂ ದ್ಯಾಮವ್ವನೂ ಹೋದ ಮೇಲೆ ಮನೆಯ ಸಾಮಾನಿನ ಜೊತೆ ನಾನು ದಡದಾಚೆ ಹುಲಿಗೆವ್ವನ ಮನೆಗೆ ಬಂದೆ. ಈಗ ಅಟ್ಟದ ಮೇಲೆ ಹಳೆಯ ಕೊಡಪಾನಗಳ ನಡುವೆ ಕೂತಿದ್ದೇನೆ. ಸೆಲ್ಲಿನ ಜಾಗದಲ್ಲಿ ತುಕ್ಕು ಹಿಡಿದಿದೆ. ಅವತ್ತು ನನ್ನಂಥ ಎಷ್ಟು ರೇಡಿಯೋಗಳು ಎಷ್ಟು ಮನೆಗಳಲ್ಲಿ ಪ್ರಾಣಹಾನಿ ಇಲ್ಲವೆಂಬ ಅದೇ ಸಾಲನ್ನು ಓದಿದವೋ! ಕೇಳಿದವರೆಲ್ಲ ಸದ್ಯ ಎಂದು ನಿಟ್ಟುಸಿರು ಬಿಟ್ಟಿರಬೇಕು.

ಮೊನ್ನೆ ಹುಲಿಗೆವ್ವನ ಚಿಕ್ಕ ಮಗಳು ನನ್ನನ್ನು ಕೆಳಗಿಳಿಸಿ, ಧೂಳು ಒರೆಸಿ, "ಯವ್ವಾ, ರಿಪೇರಿ ಮಾಡ್ಸಾನೇನು?" ಎಂದು ಕೇಳಿದಳು. ಹುಲಿಗೆವ್ವ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನು ನೋಡಿದಳು.

"ನಿಮ್ಮಣ್ಣ ಹುಟ್ಟಿದ ದಿನ ಅದು ನಗಾಕತ್ತಿತ್ತು" ಅಂದಳು. "ಮ್ಯಾಲ ಇಡು."