ನಾಲ್ಕರ ಮೇಲಿನ ಟಿಕಳಿ

ನನ್ನ ದೆಸೆಯಿಂದ ಇಮಾಮಹುಸೇನ ನದಾಫ ಎಂಬ ರಿಪೇರಿಯವನನ್ನು ಆರು ವರ್ಷ ಜೈಲಿನಲ್ಲಿಟ್ಟರು. ನಾನು ಒಂದು ಅಲಾರಂ ಗಡಿಯಾರ.

ಹುಟ್ಟಿದ್ದು ಗುಜರಾತಿನ ಮೋರ್ಬಿಯಲ್ಲಿ. ಉದ್ದನೆಯ ಬೆಂಚಿನ ಮುಂದೆ ಸಾಲಾಗಿ ಕೂತ ಹೆಂಗಸರು ನನ್ನನ್ನು ಜೋಡಿಸಿದರು. ಒಬ್ಬಳು ಚಕ್ರ ಕೂರಿಸಿದಳು, ಇನ್ನೊಬ್ಬಳು ಸ್ಪ್ರಿಂಗ್ ಸುತ್ತಿದಳು, ಕೊನೆಯವಳು ಕಿವಿಗೆ ಹಿಡಿದು ಆಲಿಸಿ ಮುಂದೆ ತಳ್ಳಿದಳು. ನನ್ನ ಹೊಟ್ಟೆಯೊಳಗೆ ಒಂದು ಚಕ್ರ ಬಲಕ್ಕೆ ತಿರುಗಿದರೆ ಅದರ ಹಲ್ಲಿಗೆ ಹಲ್ಲು ಕೊಟ್ಟ ಪಕ್ಕದ ಚಕ್ರ ಎಡಕ್ಕೆ ತಿರುಗುತ್ತದೆ. ಎಲ್ಲವೂ ಒಂದೇ ಕಡೆ ತಿರುಗಲಿ ಎಂದು ಹಟ ಹಿಡಿದರೆ ಗಡಿಯಾರ ನಿಲ್ಲುತ್ತದೆ. ದೇಶದ ಏಕತೆಯ ಬಗ್ಗೆ ಮುಂದೆ ನಾನು ಬಹಳ ಭಾಷಣ ಕೇಳಿದೆ. ಈ ಸಣ್ಣ ಮಾತನ್ನು ಯಾರ ಬಾಯಲ್ಲೂ ಕೇಳಲಿಲ್ಲ.

ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ನನ್ನನ್ನು ಕೊಂಡವನು ಫಕೀರಪ್ಪ. ಗದಗ ಸೀಮೆಯ ಸಣ್ಣ ಊರಿನವನು, ಸಂತೆಯಲ್ಲಿ ಬಳ್ಳೊಳ್ಳಿ ಮಾರುತ್ತಿದ್ದ. ಅಂಗಡಿಯವನು ನನ್ನ ಕೀಲಿ ತಿರುವಿ ಕೂಗಿಸಿ, "ಇದು ಹೊಡಕೊಂಡ್ರ ಸತ್ತಾವ್ರೂ ಎದ್ದು ಕುಂದರ್ತಾರ" ಎಂದ.

"ಸತ್ತಾವ್ರು ಮಲಕೊಳ್ಳಿ ಬಿಡೋ ಮಾರಾಯ, ನನ್ನ ಹೇಣ್ತಿ ಎದ್ರ ಸಾಕು" ಎಂದ ಫಕೀರಪ್ಪ.

ಹೆಂಡತಿ ನೀಲವ್ವ ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ನಸುಕಿಗೇ ಏಳಬೇಕು. ಅಂಕಿ ಓದಲು ಬಾರದು. ಗಂಡ ನಾಲ್ಕು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದ ಕೂಡಲೇ ಹಣೆಯ ಕೆಂಪು ಟಿಕಳಿ ಕಿತ್ತು ನನ್ನ ಗಾಜಿನ ಮೇಲೆ ಅಲ್ಲಿಗೇ ಅಂಟಿಸಿದಳು. ಅಂದಿನಿಂದ ಅಲಾರಂ ಮುಳ್ಳು ಟಿಕಳಿಯ ಕೆಳಗೆ, ಅವಳು ಒಲೆಯ ಮುಂದೆ.

ಆ ಮನೆಗೂ ಇಮಾಮಹುಸೇನನ ಮನೆಗೂ ನಡುವೆ ಇದ್ದದ್ದು ಒಂದೇ ಮಣ್ಣಿನ ಗೋಡೆ. ನಾನು ಕೂಗಿದರೆ ಎರಡೂ ಮನೆಯವರಿಗೆ ಎಚ್ಚರ. ರಂಜಾನ್ ಬಂದಾಗ ಇಮಾಮನ ಹೆಂಡತಿ ಹುಸೇನಬಿ ಬಾಗಿಲಲ್ಲಿ ನಿಂತಳು. "ನೀಲಕ್ಕಾ, ಈ ತಿಂಗಳ ನಿನ್ನ ಗಡಿಯಾರ ತುಸು ಲಗೂ ಕೂಗ್ಲೆವಾ. ಊಟಕ್ಕ ಏಳಬೇಕು."

"ಕೂಗ್ಲಿ ತಗೋ. ನಾಕು ರೊಟ್ಟಿ ಹೆಚ್ಚಿಗಿ ಆಗ್ತಾವ."

ಹುಸೇನಬಿ ತನ್ನ ದುಪಟ್ಟಾದ ಅಂಚಿನಿಂದ ಹಸಿರು ಚಮಕಿಯೊಂದನ್ನು ಬಿಡಿಸಿ ಮೂರರ ಪಕ್ಕಕ್ಕೆ ಅಂಟಿಸಿದಳು. ಹೀಗೆ ನನ್ನ ಮುಖದ ಮೇಲೆ ಎರಡು ಮನೆಗಳು ಕೂತವು. ಮರುದಿನ ನಾನು ಕೂಗಿದಾಗ ಫಕೀರಪ್ಪ ಕಂಬಳಿಯೊಳಗಿಂದಲೇ, "ರೋಜಾ ಅವ್ರದು, ನಿದ್ದಿ ಕೆಟ್ಟಿದ್ದು ನಂದು" ಎಂದು ಗೊಣಗಿದ. ಗೋಡೆಯ ಆಚೆಯಿಂದ ಇಮಾಮನ ದನಿ ಬಂತು: "ಪುಣ್ಯಾನೂ ಅರ್ಧಾ ನಿಂದ ತಗೋ ಫಕೀರಣ್ಣ!"

ಹೀಗೇ ವರ್ಷಗಳು ನಡೆದವು. ಒಂದು ಮಂಗಳವಾರ ನನ್ನ ಅಲಾರಂ ಸ್ಪ್ರಿಂಗ್ ಮುರಿಯಿತು. ನೀಲವ್ವ ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್‌ಸ್ಟ್ಯಾಂಡಿನ ಎದುರಿದ್ದ ಇಮಾಮನ ಅಂಗಡಿಗೆ ಒಯ್ದು ಕೊಟ್ಟಳು. ಅವನು ನನ್ನ ಬೆನ್ನು ಬಿಚ್ಚಿ, ರೇಡಿಯೋಗಳ ತಂತಿ, ಸೆಲ್ಲುಗಳ ನಡುವೆ ಇಟ್ಟ. ಹೊಸ ಸ್ಪ್ರಿಂಗ್ ಹುಬ್ಬಳ್ಳಿಯಿಂದ ಬರಬೇಕಿತ್ತು.

ಅದು ಬರುವ ಮೊದಲೇ ಶನಿವಾರ ಬಂತು. ಸಂತೆ ತುಂಬಿದ್ದ ಹೊತ್ತು, ಮಧ್ಯಾಹ್ನ ನಾಲ್ಕು ಗಂಟೆ. ಬಳ್ಳೊಳ್ಳಿ ಸಾಲಿನಲ್ಲಿ ಯಾರೋ ಬಿಟ್ಟುಹೋಗಿದ್ದ ಚೀಲ ಸಿಡಿಯಿತು. ಅಂಗಡಿಯ ಗಾಜುಗಳೆಲ್ಲ ಉದುರಿದವು. ಫಕೀರಪ್ಪ ಅಲ್ಲೇ ಸತ್ತ. ಅವನ ಜೊತೆ ಇನ್ನೂ ಕೆಲವರು. ತಮಗೆ ಬೇರೆ ದೇಶ ಬೇಕೆಂದು ಕಾಡಿನಲ್ಲೆಲ್ಲೋ ಬಂದೂಕು ಹಿಡಿದು ಕೂತ ಗುಂಪೊಂದು, ಇದು ನಮ್ಮದೇ ಕೆಲಸ ಎಂದು ಎರಡನೆಯ ದಿನ ಪತ್ರಿಕೆಗೆ ಬರೆದು ಹಾಕಿತು. ಬೇರೆ ದೇಶ ಬೇಕೆಂದವರಿಗೆ ಅಂದು ದಕ್ಕಿದ್ದು ಬಳ್ಳೊಳ್ಳಿ ಮಾರುವವನ ಹೆಣ.

ಆದರೆ ಆ ಪತ್ರ ಬರುವ ಮೊದಲೇ ಟಿ.ವಿ.ಯವರು ಸತ್ತವರ ಹೆಸರು ಓದಿ, 'ಫಕೀರ'ನೇ ಬಾಂಬು ತಂದವನು ಎಂದು ಒಂದು ಇಡೀ ದಿನ ಕೂಗಿದ್ದರು. ಪೊಲೀಸರು ನೀಲವ್ವನ ಮನೆಯ ಜೋಳದ ಡಬ್ಬಿಯನ್ನೂ ಬೋರಲು ಹಾಕಿದ್ದರು. ಮಕ್ಕಳಾಗದವರು ಮಠದ ಫಕೀರಸ್ವಾಮಿಗೆ ಹರಕೆ ಹೊತ್ತು, ಹುಟ್ಟಿದ ಗಂಡುಮಗುವಿಗೆ ನಮ್ಮ ಕಡೆ ಇಡುವ ಹೆಸರು ಅದು. ಲಿಂಗ ಕಟ್ಟಿದವರ ಮನೆಯಲ್ಲೂ ಇರುತ್ತದೆ. ಅದು ತಿಳಿದ ಮೇಲೆ ಸತ್ತವನು ಒಂದೇ ಸಂಜೆಯಲ್ಲಿ ಉಗ್ರನಿಂದ ಹುತಾತ್ಮನಾದ. ಸರ್ಕಲ್ಲಿಗೆ ಅವನ ಹೆಸರಿನ ಬೋರ್ಡು ಬಂತು. ಬೋರ್ಡಿನಲ್ಲಿ ಅವನ ಮುಖಕ್ಕಿಂತ ಶಾಸಕರ ಮುಖ ದೊಡ್ಡದು.

ಈಗ ಒಬ್ಬ ಅಪರಾಧಿ ಬೇಕಿತ್ತು. ಪತ್ರ ಬರೆದವರು ದೂರ ಇದ್ದರು. ಇಮಾಮನ ಅಂಗಡಿ ಠಾಣೆಯಿಂದ ಕೂಗಳತೆಯಲ್ಲಿತ್ತು.

ಹೊರಗಿನಿಂದ ಬಂದ ಇನ್ಸ್‌ಪೆಕ್ಟರ್ ತಂತಿಗಳ ನಡುವೆ ಬೆನ್ನು ಬಿಚ್ಚಿಕೊಂಡು ಕೂತಿದ್ದ ನನ್ನನ್ನು ಎತ್ತಿಕೊಂಡ. "ಯಾರದಿದು?"

ಇಮಾಮ ನನ್ನ ಗಾಜಿನ ಮೇಲಿನ ಟಿಕಳಿಯನ್ನು ನೋಡಿದ. ಫಕೀರಪ್ಪನ ಮನೆಯದು ಎಂದರೆ, ಮೊನ್ನೆ ತಾನೇ ತೊಳೆದುಹೋದ ಮಸಿ ಮತ್ತೆ ಸತ್ತವನ ಮುಖಕ್ಕೆ ಬೀಳುತ್ತಿತ್ತು. ಮನೆಯಲ್ಲಿ ಒಬ್ಬಳೇ ಉಳಿದವಳನ್ನೂ ಜೀಪಿಗೆ ಹತ್ತಿಸುತ್ತಿದ್ದರು.

"ನಂದ್ರಿ" ಎಂದ.

ಅಲ್ಲಿಗೆ ಮುಗಿಯಿತು. ನಾಲ್ಕರ ಮೇಲೆ ಕೆಂಪು ಗುರುತು ಇದೆ, ಬಾಂಬು ಸಿಡಿದದ್ದೂ ನಾಲ್ಕಕ್ಕೆ, ಇದು ಬಾಂಬಿನ ತಾಲೀಮಿಗೆ ಇಟ್ಟುಕೊಂಡ ಗಡಿಯಾರ ಎಂದು ಬರೆದುಕೊಂಡರು. ಹಸಿರು ಚಮಕಿಯ ಬಗ್ಗೆ ಬರೆದದ್ದನ್ನು ನಾನು ಹೇಳುವುದಿಲ್ಲ. ಹಸಿರು ಎಂದರೆ ಅವರ ತಲೆಗೆ ಏನು ಹೊಳೆಯುತ್ತದೆ ಎಂದು ನಿಮಗೂ ಗೊತ್ತು. ನನ್ನನ್ನು ಬಟ್ಟೆಯಲ್ಲಿ ಕಟ್ಟಿ, ಅರಗಿನ ಮುದ್ರೆ ಒತ್ತಿ, ಠಾಣೆಯ ಮಾಲು ಇಡುವ ಕೋಣೆಗೆ ಎಸೆದರು.

ಕಳ್ಳಬಟ್ಟಿ ಕ್ಯಾನು, ತುಕ್ಕು ಹಿಡಿದ ಕೊಡಲಿಗಳ ಜೊತೆ ನಾನು ಮುದುಕನಾದೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಠಾಣೆಯವರೆಲ್ಲ ಸಾಲಾಗಿ ನಿಂತು, ಕೈ ಚಾಚಿ, ಭಯೋತ್ಪಾದನೆಯ ವಿರುದ್ಧ ಪ್ರತಿಜ್ಞೆ ಮಾಡುತ್ತಿದ್ದರು. ಶಾಂತಿ, ಸೌಹಾರ್ದ, ಅಖಂಡತೆ. ಆಮೇಲೆ ಚಹಾ. ಆಮೇಲೆ ಪಕ್ಕದ ಕೋಣೆಯಿಂದ ಯಾರೋ "ಯಪ್ಪಾ" ಎಂದು ಕೂಗುವುದು.

ಮೊದಲ ತಿಂಗಳಲ್ಲೇ, ಇಮಾಮ ಇನ್ನೂ ಠಾಣೆಯಲ್ಲಿದ್ದಾಗ, ಒಂದು ದಿನ ಗೋಡೆಯಾಚೆ ನೀಲವ್ವನ ದನಿ ಕೇಳಿತು. ಇಮಾಮ ಗಡಿಯಾರಕ್ಕೆ ತಂತಿ ಸುತ್ತುವುದನ್ನು ಕಣ್ಣಾರೆ ಕಂಡೆ ಎಂದು ಕೋರ್ಟಿನಲ್ಲಿ ಹೇಳಬೇಕು, ಎಂದು ಇನ್ಸ್‌ಪೆಕ್ಟರ್ ಕಲಿಸುತ್ತಿದ್ದ.

"ಹೇಳ್ತೀನ್ರಿ" ಎಂದಳು. "ಬಗಲಿಗೆ ಇದ್ದು ನನ್ನ ಮನಿ ಸುಟ್ಟಾನ. ಹೇಳ್ತೀನಿ."

ಅವಳು ನಂಬಿದ್ದಳು. ತನ್ನ ಗಡಿಯಾರ ಬಾಗಿಲಿಗೆ ಮುದ್ರೆ ಬಿದ್ದ ಅಂಗಡಿಯಲ್ಲೇ ಧೂಳು ತಿನ್ನುತ್ತಿದೆ, ಪೊಲೀಸರು ಹಿಡಿದ ಗಡಿಯಾರ ಬೇರೆಯದೇ ಎಂದುಕೊಂಡಿದ್ದಳು. ಮೆಟ್ಟಿಲಿನ ಮೇಲೆ ಗಂಡನಿಗೆ ಬುತ್ತಿ ತಂದು ನಿಂತಿದ್ದ ಹುಸೇನಬಿಯ ಮುಂದೆ ಅವಳು ಉಗಿದದ್ದೂ ನನಗೆ ಕೇಳಿತು. "ನಡಕ ಒಂದ ಗ್ವಾಡಿ ಇತ್ತಲ್ಲೇ! ನಿನ್ನ ಗಂಡಗ ಅಷ್ಟೂ ಕಾಣಲಿಲ್ಲೇನ?" ಹುಸೇನಬಿ ಅತ್ತದ್ದು ಮಾತ್ರ ಕೇಳಿತು. ಬಾಂಬು ಇಟ್ಟವರು ಸಂತೆಯನ್ನು ಒಡೆದಿದ್ದರು. ಅವರಿಂದ ಒಡೆಯಲಾಗದೇ ಉಳಿದ, ಆ ಮಣ್ಣಿನ ಗೋಡೆಯ ಎರಡು ಬದಿಯ ನಂಟನ್ನು ಠಾಣೆ ಒಡೆದು ಮುಗಿಸಿತು.

ಆರು ವರ್ಷಕ್ಕೆ ಸಾಕ್ಷಿಯ ದಿನ ಬಂತು. ಕಟಕಟೆಯಲ್ಲಿ ಇಮಾಮ ನಿಂತಿದ್ದ, ಗಡ್ಡವೆಲ್ಲ ಬೆಳ್ಳಗಾಗಿತ್ತು. ಎದುರಿಗೆ ನೀಲವ್ವ, ಬೋಳು ಹಣೆ. ಸರ್ಕಾರಿ ವಕೀಲರು ಅರಗು ಒಡೆಸಿ, ಬಟ್ಟೆ ಬಿಚ್ಚಿಸಿ ನನ್ನನ್ನು ಅವಳ ಕೈಗೆ ಕೊಡಿಸಿದರು.

"ಆರೋಪಿಯ ಕೈಯಲ್ಲಿ ನೀನು ನೋಡಿದ್ದು ಇದೇ ಗಡಿಯಾರ, ಹೌದಲ್ಲಮ್ಮ?"

ನೀಲವ್ವ ನನ್ನನ್ನು ತಿರುಗಿಸಿ ನೋಡಿದಳು. ಅವಳ ಹೆಬ್ಬೆರಳು ನನ್ನ ಗಾಜಿನ ಮೇಲೆ ಹರಿದು ನಾಲ್ಕರ ಹತ್ತಿರ ನಿಂತಿತು. ರೊಟ್ಟಿ ಬಡಿದು ಬಡಿದು ಗಟ್ಟಿಯಾದ ಅದೇ ಹೆಬ್ಬೆರಳು. ಇನ್ನೊಂದು ಕೈ ತಾನಾಗಿ ಹಣೆಗೆ ಹೋಯಿತು.

"ಇದು ನನ್ನ ಟಿಕಳಿ" ಎಂದಳು. ಆಮೇಲೆ ಅರ್ಧ ಕಿತ್ತುಹೋಗಿದ್ದ ಚಮಕಿಯನ್ನು ಮುಟ್ಟಿ, "ಇದು ಹುಸೇನಬೀದು."

ಕಟಕಟೆಯತ್ತ ತಿರುಗಿದಳು. "ಇಮಾಮಣ್ಣ, ರಿಪೇರಿಗೆ ಕೊಟ್ಟಾಕಿ ನಾನು. ನೀಲವ್ವಂದು ಅಂತ ಯಾಕ ಹೇಳಲಿಲ್ಲ?"

"ಫಕೀರಣ್ಣನ ಹೆಸರಿಗೆ ಬರ್ತಿತ್ತವಾ" ಎಂದ ಇಮಾಮ. "ಒಂದಿನ ಬಂದಿತ್ತಲ್ಲ."

ಜವಾನ "ಸುಮ್ನಿರ್ರೀ" ಎಂದ. ವಕೀಲರು ಹತ್ತಿರ ಬಂದು ದನಿ ತಗ್ಗಿಸಿದರು. "ಯೋಚನೆ ಮಾಡಮ್ಮ. ಇದು ನಿನ್ನದು ಅಂದ್ರೆ ನಿನ್ನ ಗಂಡನ ಮೇಲೇ ಸಂಶಯ ಬರುತ್ತೆ. ಸರ್ಕಲ್ಲಿನ ಬೋರ್ಡು ಇಳಿಸ್ತಾರೆ. ಹೇಳಿಕೊಟ್ಟಷ್ಟು ಹೇಳಿ ಮನೆಗೆ ಹೋಗು."

"ಇಳಸ್ರಿ" ಎಂದಳು ನೀಲವ್ವ, ಇಡೀ ಕೋರ್ಟಿಗೆ ಕೇಳುವಂತೆ. "ಬಳ್ಳೊಳ್ಳಿ ಮಾರಾಂವಗ ಬೋರ್ಡ ಯಾರು ಬೇಡಿದ್ರು? ಇದು ನಾಕಕ್ಕ ಕೂಗ್ತಿದ್ದದ್ದು ರೊಟ್ಟಿಗೆ. ಹೊಡದಾವ್ರು ಹೊರಗ ಅದಾರ. ಅವ್ರನ್ನ ಹಿಡಕೊಂಡು ಬರ್ರಿ, ನಾ ಖರೇ ಸಾಕ್ಷಿ ಹೇಳ್ತೀನಿ. ಈ ಮನಶ್ಯಾನ ಮ್ಯಾಲೆ ಹೇಳಂಗಿಲ್ಲ."

"ಸಾಕ್ಷಿ ತಿರುಗಿಬಿದ್ದಿದ್ದಾಳೆ, ಸ್ವಾಮಿ" ಎಂದರು ವಕೀಲರು.

ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿದರು. ಇಮಾಮನಿಗೆ ಬಿಡುಗಡೆಯಾಗುತ್ತದೋ, ಕಟ್ಟಿದ ಕತೆಗೆ ಇನ್ನೊಂದು ಗಡಿಯಾರ ಹುಡುಕುತ್ತಾರೋ ನನಗೆ ತಿಳಿಯದು. ನನ್ನ ಸ್ಪ್ರಿಂಗ್ ಮುರಿದೇ ಇದೆ, ಹಲ್ಲುಗಳಿಗೆ ತುಕ್ಕು ಹತ್ತಿದೆ. ಇನ್ನು ನಾನು ಯಾರನ್ನೂ ಎಬ್ಬಿಸಲಾರೆ. ಆದರೆ ಆರು ವರ್ಷದ ಮೇಲೆ ಮೊದಲ ಸಲ ಬೆಚ್ಚಗಿದ್ದೆ, ಎರಡೂ ಅಂಗೈಗಳ ನಡುವೆ.

ಗುಮಾಸ್ತ ಕೈ ಚಾಚಿದ. "ಗಡಿಯಾರ ಟೇಬಲ್ ಮ್ಯಾಲೆ ಇಡಬೇ. ಅದು ಕೋರ್ಟಿನ ಸೊತ್ತು."

ನೀಲವ್ವ ನನ್ನನ್ನು ಸೆರಗಿನೊಳಗೆ ಎಳೆದುಕೊಂಡಳು.

"ಇಡಂಗಿಲ್ಲ."